ಹೋಗು ಎಂದರೂ ನಿಂತ ಕಾರು

ಬಸ್ಸಿನ ಕಿಟಕಿಯ ಪಕ್ಕ ಕುಳಿತರೆ ನನ್ನ ತುಟಿಗಳು ತಮ್ಮಷ್ಟಕ್ಕೆ ಅಲುಗಾಡತೊಡಗುತ್ತವೆ. ಇದು ಹಳೆಯ ಚಾಳಿ. ಸಂಜೆ ಬ್ಯಾಂಕಿನ ಕೆಲಸ ಮುಗಿಸಿ ಮಣಿಪಾಲದಲ್ಲಿ ಕಾರ್ಕಳದ ಬಸ್ಸು ಹತ್ತುತ್ತೇನೆ. ಪರ್ಕಳ ದಾಟುವಷ್ಟರಲ್ಲಿ, “ಎಡ ಮೂರು, ಉದ್ದ, ಕೂಡಲೇ ಬಲ ಎರಡು, ಒಳಗೆ ಕಲ್ಲುಂಟು” ಎಂದು ಗೊಣಗಲು ಶುರು. ಪಕ್ಕದಲ್ಲಿ ಕುಳಿತವರು ಸಾಮಾನ್ಯವಾಗಿ ಇದನ್ನು ಪ್ರಾರ್ಥನೆ ಎಂದುಕೊಳ್ಳುತ್ತಾರೆ. ಒಮ್ಮೆ ನಮ್ಮ ಇಗರ್ಜಿಯ ಹಿರಿಯ ಹೆಂಗಸೊಬ್ಬರು ಹಿರಿಯಡ್ಕದವರೆಗೂ ಬಹಳ ಗೌರವದಿಂದ ಸುಮ್ಮನೆ ಕುಳಿತಿದ್ದು, ಇಳಿಯುವಾಗ ನನ್ನ ಕೈ ಹಿಡಿದು, “ನನ್ನ ಮಂಡಿನೋವಿಗೂ ಒಂದು ಸೇರಿಸಿಕೋ ಮಗಾ” ಎಂದು ಹೇಳಿ ಹೋದರು. ಬೈಲೂರಿನ ತಿರುವಿನಲ್ಲಿ ಸೇರಿಸಿಕೊಂಡೆ. ಬೇರೆ ಏನು ಮಾಡಲಿ?

ಹೋದ ವಾರ ಮಾತ್ರ ನಾನು ಸಿಕ್ಕಿಬಿದ್ದೆ. ಪಕ್ಕದಲ್ಲಿ ಕುಳಿತಿದ್ದವಳು ಇಂಜಿನಿಯರಿಂಗ್ ಓದುವ ಹುಡುಗಿ, ಹುಬ್ಬಳ್ಳಿ ಕಡೆಯವಳು. ನನ್ನ ಗೊಣಗಾಟವನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಆಂಟಿ, ನೀವು ರ‍್ಯಾಲಿ ನೋಟ್ಸ್ ಹೇಳಾಕತ್ತೀರೇನ್ರಿ?” ಎಂದಳು. ಅವಳ ಕಾಲೇಜಿನಲ್ಲಿ ಹುಡುಗ ಹುಡುಗಿಯರು ಸೇರಿ ರೇಸಿನ ಕಾರೊಂದನ್ನು ಕಟ್ಟುತ್ತಿದ್ದಾರಂತೆ. ನಾನು ಹಿಂದೆ ರ‍್ಯಾಲಿಗಳಲ್ಲಿ ಚಾಲಕನ ಪಕ್ಕ ಕುಳಿತು, ತಿರುವುಗಳನ್ನು ಬರೆದಿಟ್ಟ ಪುಸ್ತಕ ನೋಡಿ ದಾರಿ ಹೇಳುತ್ತಿದ್ದವಳು ಎಂದು ಗೊತ್ತಾದದ್ದೇ ಅವಳ ಕಣ್ಣು ಅರಳಿತು. “ಹಂಗಾದ್ರ ನಮ್ಮ ಜಗಳ ನೀವ ಬಗೆಹರಸ್ರಿ. ಡ್ರೈವರಿಗೆ ಸಿಗೋ ಪ್ರಶಸ್ತಿ ದೊಡ್ಡದೋ, ಟೀಮಿಗೆ ಸಿಗೋದು ದೊಡ್ಡದೋ?”

ಎರಡೂ ದೊಡ್ಡದೇ ಎಂದೋ ಏನೋ ಹೇಳುವಷ್ಟರಲ್ಲಿ ನನ್ನ ಸ್ಟಾಪು ಬಂತು. ಇಳಿದು ಮನೆಯ ದಾರಿ ಹಿಡಿದಾಗ ನನಗೆ ನನ್ನ ಉತ್ತರದ ಬಗ್ಗೆಯೇ ನಾಚಿಕೆಯಾಯಿತು. ಅದೇ ಪ್ರಶ್ನೆಯನ್ನು ಹಿಡಿದು ನನ್ನ ಅಣ್ಣ ಮತ್ತು ಅವನ ಗೆಳೆಯ ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ನೋಡಿದವಳು ನಾನು.

ಅಣ್ಣನ ಹೆಸರು ಆಲ್ವಿನ್. ನನಗಿಂತ ದೊಡ್ಡವನಾದರೂ ನಾನು ಅವನನ್ನು ಹೆಸರು ಹಿಡಿದೇ ಕರೆಯುವುದು. ಕಾರ್ಕಳದ ಹತ್ತಿರ ನಮ್ಮ ಮನೆಯ ಹಿಂದೆ ಮುರಕಲ್ಲಿನ ಪದವು, ಬೋಳು ಬಯಲು. ಮಳೆಗಾಲದಲ್ಲಿ ನಾಲ್ಕು ದಿನ ಹುಲ್ಲು, ಉಳಿದ ಕಾಲವೆಲ್ಲ ಕೆಂಪು ಧೂಳು. ಊರಿನ ಮಕ್ಕಳ ಸೈಕಲ್ ರೇಸು ಅಲ್ಲಿಯೇ. ಧೂಳಿನಲ್ಲಿ ಮುಂದಿನದು ಕಾಣುವುದಿಲ್ಲ ಎಂದು ಆಲ್ವಿನ್ ನನ್ನನ್ನು ಕ್ಯಾರಿಯರಿನ ಮೇಲೆ ನಿಲ್ಲಿಸುತ್ತಿದ್ದ. ನಾನು ಅವನ ಹೆಗಲು ಹಿಡಿದು, “ಬಲಕ್ಕೆ ದನ! ಎಡಕ್ಕೆ ಗುಂಡಿ! ಎದುರಿಗೆ ಪಪ್ಪ!” ಎಂದು ಕೂಗಬೇಕು. ಕೊನೆಯದ್ದು ಎಲ್ಲಕ್ಕಿಂತ ಅಪಾಯದ್ದು. ನನ್ನ ರ‍್ಯಾಲಿ ಜೀವನದ ತರಬೇತಿ ಎಂದರೆ ಇಷ್ಟೇ.

ಅವನು ಆಗಿನಿಂದಲೂ ಧಾರಾಳಿ. ಕ್ರಿಸ್ಮಸ್ ಸಮಯದಲ್ಲಿ ಮಮ್ಮಿ ಕುಸ್ವಾರಿನ ತಿಂಡಿಗಳನ್ನು ಹಂಚಿಕೊಟ್ಟರೆ ತನ್ನ ಪಾಲನ್ನು ಅಂಗಳಕ್ಕೆ ಒಯ್ದು ಬಂದವರಿಗೆಲ್ಲ ಕೊಟ್ಟು ಬರಿಗೈಯಲ್ಲಿ ಒಳಗೆ ಬರುತ್ತಿದ್ದ. ಅವನನ್ನು ನೆರೆಹೊರೆಯವರು ಹೊಗಳುವುದನ್ನು ಕೇಳಿ ಕೇಳಿ ನನಗೆ ಹೊಟ್ಟೆಯುರಿ. ನಾನು ನನ್ನ ಪಾಲನ್ನು ಅಕ್ಕಿಯ ಡಬ್ಬಿಯಲ್ಲಿ ಅಡಗಿಸಿ ಪೂರ್ತಿ ನಾನೇ ತಿಂದವಳು.

ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ಜಯಕರಣ್ಣನ ಗ್ಯಾರೇಜು ಇತ್ತು. ಜಯಕರಣ್ಣನಿಗೆ ರೇಸಿನ ಹುಚ್ಚು. ಯಾರೋ ಮಾರಿ ಹೋದ ಎರಡು ಹಳೆಯ ಕಾರುಗಳನ್ನು ಬಿಚ್ಚಿ, ಒಳಗೆ ಕಬ್ಬಿಣದ ಪೈಪುಗಳ ಪಂಜರ ಕೂರಿಸಿ, ಬಾಗಿಲ ಮೇಲೆ ಒಂದು ಐಸ್ ಪ್ಲಾಂಟಿನ ಹೆಸರು ಬರೆಸಿ ಟೀಮು ಕಟ್ಟಿದ. ಒಂದು ಕಾರಿಗೆ ಆಲ್ವಿನ್. ಎಡಗಡೆಯ ಸೀಟಿಗೆ ನಾನು. ಇನ್ನೊಂದು ಕಾರಿಗೆ ಹೆಜಮಾಡಿಯ ಇರ್ಫಾನ್. ಅವನ ಪಕ್ಕಕ್ಕೆ ಸಂತೋಷ ಎಂಬ ಮಾತೇ ಆಡದ ಹುಡುಗ. ಇರ್ಫಾನ್ ಬೆಳೆದದ್ದೇ ಅವನ ಬಾಪನ ಮೀನಿನ ಟೆಂಪೋದಲ್ಲಿ. ಮಂಜುಗಡ್ಡೆ ಕರಗುವ ಮೊದಲು ಮೀನು ಮುಟ್ಟಿಸಬೇಕಾದವನ ಮಗನಿಗೆ ವೇಗವನ್ನು ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ. ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲಿ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿದರೂ ಗ್ಯಾರೇಜಿನಲ್ಲಿ ನಡೆಯುತ್ತಿದ್ದುದು ತುಳು. ಬರೆಯುವಾಗ ಅದನ್ನು ಕನ್ನಡ ಮಾಡಿಕೊಂಡಿದ್ದೇನೆ, ಅಷ್ಟೆ.

ರ‍್ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಬೇರೆ ವಾಹನಗಳಿಗೆ ಮುಚ್ಚಿದ ಮಣ್ಣಿನ ರಸ್ತೆಯಲ್ಲಿ ಸ್ವಲ್ಪ ಸ್ವಲ್ಪ ಅಂತರ ಬಿಟ್ಟು ಒಂದೊಂದನ್ನೇ ಬಿಡುತ್ತಾರೆ. ಇಂಥ ಹಲವು ಹಂತಗಳ ಸಮಯ ಕೂಡಿಸಿ, ಯಾರದ್ದು ಕಡಿಮೆಯೋ ಅವರು ಮುಂದೆ. ವರ್ಷದ ಎಲ್ಲ ರ‍್ಯಾಲಿಗಳ ಅಂಕ ಕೂಡಿಸಿ ಚಾಲಕನಿಗೆ ಒಂದು ಪ್ರಶಸ್ತಿ. ಒಂದೇ ಟೀಮಿನ ಎರಡೂ ಕಾರುಗಳ ಅಂಕ ಕೂಡಿಸಿ ಟೀಮಿಗೆ ಇನ್ನೊಂದು. ಮೂರನೆಯದೂ ಒಂದಿದೆ, ಪಕ್ಕದಲ್ಲಿ ಕುಳಿತು ದಾರಿ ಹೇಳುವವರಿಗೆ. ಅದನ್ನು ಹಂಚುವ ಹೊತ್ತಿಗೆ ಜನ ಊಟದ ಸಾಲಿನಲ್ಲಿರುತ್ತಾರೆ.

ಸಂಜೆಯ ಚಹಾದ ಹೊತ್ತಿಗೆ ಗ್ಯಾರೇಜಿನಲ್ಲಿ ಇದೇ ಚರ್ಚೆ. ಟೀಮಿನದೇ ದೊಡ್ಡದು ಎಂದು ಆಲ್ವಿನ್. ಇರ್ಫಾನ್ ನಗುತ್ತಿದ್ದ. “ಟೀಮು ಅಂದರೆ ಎಂತ ಮಾರಾಯ, ಜಯಕರಣ್ಣನ ಗ್ಯಾರೇಜಿನ ಬೋರ್ಡು. ಮನೆಗೆ ಹೋದರೆ ಉಮ್ಮ ಕೇಳುವುದು ನೀನು ಎಷ್ಟನೆಯವನು ಅಂತ. ನಿನ್ನ ಟೀಮು ಎಷ್ಟನೆಯದು ಅಂತ ಯಾವ ಉಮ್ಮ ಕೇಳ್ತಾರೆ?” ಜಯಕರಣ್ಣ ಮಾತ್ರ ಗ್ರೀಸಿನ ಕೈ ಒರೆಸಿಕೊಳ್ಳುತ್ತ, “ಮೊದಲು ಕಾರು ಪೂರ್ತಿಯಾಗಿ ಹಿಂದೆ ಬರಲಿ, ಪ್ರಶಸ್ತಿ ಮತ್ತೆ ನೋಡುವ” ಎನ್ನುತ್ತಿದ್ದ.

ಆ ವರ್ಷ ನಮಗೆ ಎಲ್ಲ ಕೂಡಿ ಬಂದಿತ್ತು. ಕೊನೆಯ ರ‍್ಯಾಲಿ ಕಾರ್ಕಳದ ಕಡೆಯ ಗೇರುತೋಪುಗಳ ನಡುವೆ, ನಮ್ಮದೇ ಮಣ್ಣಿನಲ್ಲಿ. ಚಾಲಕರ ಪಟ್ಟಿಯಲ್ಲಿ ಆಲ್ವಿನ್ ಮೊದಲು. ಹಿಂದೆಯೇ ಇದ್ದ ತಮಿಳುನಾಡಿನ ಒಬ್ಬನಿಗಿಂತ ಮುಂದೆ ಮುಗಿಸಿದರೆ ಸಾಕು, ಪ್ರಶಸ್ತಿ ಅವನದ್ದು. ಅವನ ಪಕ್ಕದಲ್ಲಿ ಎಲ್ಲ ರ‍್ಯಾಲಿಗಳಲ್ಲೂ ಕುಳಿತಿದ್ದ ನನಗೂ ಆ ಮೂರನೆಯ ಪ್ರಶಸ್ತಿ ಬರುವುದಿತ್ತು. ಟೀಮಿನ ಪ್ರಶಸ್ತಿಗೆ ನಮ್ಮ ಎರಡೂ ಕಾರುಗಳು ಕೊನೆ ಮುಟ್ಟಬೇಕು. ಮಮ್ಮಿ ಹಿಂದಿನ ದಿನವೇ ಮೇಣದ ಬತ್ತಿ ಹಚ್ಚಿದ್ದಳು. ಯಾವ ಪ್ರಶಸ್ತಿಗೆ ಎಂದು ನಾನು ಕೇಳಲಿಲ್ಲ.

ಕೊನೆಯ ಹಂತ ಓಡುತ್ತಿರುವಾಗ ಅದು ಆಯಿತು. ನಮಗಿಂತ ಮೊದಲು ಹೊರಟದ್ದು ಇರ್ಫಾನನ ಕಾರು. ತೋಪಿನ ಒಂದು ತಿರುವು ಮುಗಿದು ರಸ್ತೆ ಇಳಿಯುವಲ್ಲಿ, ಧೂಳಿನ ನಡುವೆ ಇರ್ಫಾನ್ ನಮ್ಮ ಕಡೆಗೆ ಓಡಿ ಬರುತ್ತಿದ್ದುದು ಕಂಡಿತು. ಹೆಲ್ಮೆಟ್ ತೆಗೆದಿದ್ದ. ಒಂದು ಕೈಯಲ್ಲಿ ‘ಓಕೆ’ ಎಂದು ಬರೆದ ಬೋರ್ಡು. ಒಳಗಿರುವವರಿಗೆ ಪೆಟ್ಟಾಗಿಲ್ಲ, ನಿಲ್ಲಬೇಡಿ ಎಂದು ಹಿಂದಿನವರಿಗೆ ತೋರಿಸುವಂಥದ್ದು. ಇನ್ನೊಂದು ಕೈಯನ್ನು ದೊಡ್ಡದಾಗಿ ಬೀಸುತ್ತಿದ್ದ: ಹೋಗು, ಹೋಗು. ಅವನ ಹಿಂದೆ ಕಾರು, ಮುಂದಿನ ಎರಡು ಚಕ್ರಗಳನ್ನು ರಸ್ತೆ ಬದಿಯ ಮಳೆನೀರಿನ ತೋಡಿಗೆ ಇಳಿಸಿ, ಹಿಂಭಾಗ ಎತ್ತಿಕೊಂಡು ನಿಂತಿತ್ತು.

“ಓಕೆ ಬೋರ್ಡು. ಹೋಗು” ಎಂದೆ ನಾನು. ನನ್ನ ಕೆಲಸ ಅದೇ.

ಆಲ್ವಿನ್ ಬ್ರೇಕು ಒತ್ತಿದ.

“ಹೋಗು ಹೇಳ್ತಿದ್ದಾನೆ, ಆಲ್ವಿನ್!” ಎಂದು ಹೊರಗೂ ಕೇಳುವಷ್ಟು ಜೋರಾಗಿ ಕೂಗಿದೆ.

“ನೋಡಿದೆ” ಎಂದು ಬೆಲ್ಟು ಬಿಚ್ಚಿದ.

ಅವನು ಡಿಕ್ಕಿಯಿಂದ ಕಾರು ಎಳೆಯುವ ಪಟ್ಟಿ ತೆಗೆಯುವಷ್ಟರಲ್ಲಿ ಇರ್ಫಾನ್ ಓಡಿ ಬಂದು ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡ. “ತಲೆ ಸರಿ ಉಂಟಾ ನಿನಗೆ? ಹೋಗು ಅಂತ ಹೇಳಿದರೆ ಗೊತ್ತಾಗುವುದಿಲ್ವಾ? ಹೋಗೋ!”

“ಬಿಡು. ಎಳೆದರೆ ಬರ್ತದೆ. ನಿನ್ನ ಕಾರು ಮುಗಿಸಿದರೆ ಟೀಮಿಗೆ ಸಿಗ್ತದೆ.”

“ಟೀಮು ಬೇಡ ನನಗೆ! ನೀನು ಹೋಗು!”

ಕೆಂಪು ಧೂಳಿನಲ್ಲಿ ಇಬ್ಬರೂ ಒಂದು ಪಟ್ಟಿಯ ಎರಡು ತುದಿ ಹಿಡಿದು ಜಗ್ಗುತ್ತಿದ್ದರು. ಕೊನೆಗೆ ಮಾತಾಡದ ಸಂತೋಷನೇ ಬಂದು ಇರ್ಫಾನನ ಕೈಯಿಂದ ತುದಿಯನ್ನು ಬಿಡಿಸಿ ಕಾರಿಗೆ ಸಿಕ್ಕಿಸಿದ. ಎಳೆದೆವು. ಮೊದಲ ಸಲ ಪಟ್ಟಿ ಜಾರಿತು, ಎರಡನೆಯ ಸಲ ಕಾರು ಮೇಲೆ ಬಂತು. ಅಷ್ಟರಲ್ಲಿ ತಮಿಳುನಾಡಿನವನ ಕಾರು ನಮ್ಮ ಮೇಲೆ ಕಲ್ಲು ಸಿಡಿಸಿಕೊಂಡು ದಾಟಿ ಹೋಯಿತು. ಆ ಶಬ್ದ ದೂರವಾಗುವವರೆಗೆ ಇರ್ಫಾನ್ ಸ್ಟಿಯರಿಂಗ್ ಹಿಡಿದು ಕುಳಿತಲ್ಲೇ ಕುಳಿತಿದ್ದ. ನಾನು ಸೀಟಿನಲ್ಲಿ ನನ್ನ ಪುಟ ಹುಡುಕುತ್ತಿದ್ದೆ. ಕಣ್ಣು ಮಂಜಾಗಿತ್ತು, ಧೂಳು ಎಂದು ಹೇಳಿಕೊಂಡೆ.

ಎರಡೂ ಕಾರುಗಳು ಕೊನೆ ಮುಟ್ಟಿದವು. ಟೀಮಿನ ಪ್ರಶಸ್ತಿ ಜಯಕರಣ್ಣನಿಗೆ. ಚಾಲಕರ ಪ್ರಶಸ್ತಿ ತಮಿಳುನಾಡಿನವನಿಗೆ, ಅವನ ಪಕ್ಕದವನಿಗೆ ಮೂರನೆಯದು. ಜಯಕರಣ್ಣ ನಮ್ಮೆಲ್ಲರನ್ನೂ ಒಂದೇ ಸಲ ಅಪ್ಪಿಕೊಳ್ಳಲು ನೋಡಿ ಸಾಧ್ಯವಾಗದೆ ಅತ್ತ. ಇರ್ಫಾನ್ ಅವನ ಬೆನ್ನು ತಟ್ಟಿ, ಫೋಟೋಕ್ಕೆ ನಿಂತು, ಯಾರಿಗೂ ಹೇಳದೆ ಬಸ್ಸು ಹಿಡಿದು ಹೆಜಮಾಡಿಗೆ ಹೋದ.

ಅಲ್ಲಿಗೆ ಮುಗಿದಿದ್ದರೆ ಇಬ್ಬರೂ ನಾಲ್ಕು ದಿನ ಮುನಿಸಿಕೊಂಡು ಸರಿಯಾಗುತ್ತಿದ್ದರೇನೋ. ಆದರೆ ಊರಿಗೆ ಒಂದು ಕತೆ ಸಿಕ್ಕಿತ್ತು. ಕೈಗೆ ಬಂದದ್ದನ್ನು ಗೆಳೆಯನಿಗಾಗಿ ಬಿಟ್ಟುಕೊಟ್ಟವನ ಕತೆ. ಇಗರ್ಜಿಯ ಪ್ರವಚನದಲ್ಲಿ ಅದು ಬಂತು, ಕಾಪುವಿನ ಬೇಕರಿಯಲ್ಲಿ ಬಂತು, ಫೋನುಗಳಲ್ಲಿ ಹೂವಿನ ಚಿತ್ರದೊಂದಿಗೆ ಓಡಾಡಿತು. ಉಡುಪಿಯ ಒಂದು ಸಭಾಂಗಣದಲ್ಲಿ ಸನ್ಮಾನವೂ ಆಯಿತು. ಆಲ್ವಿನನಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಭಾಷಣ ಮಾಡಿದವರು ತ್ಯಾಗ ಎಂಬ ಪದವನ್ನು ಎಷ್ಟು ಸಲ ಹೇಳಿದರೆಂದರೆ ನನಗೆ ಆ ಪದದ ಅರ್ಥವೇ ಮರೆತುಹೋಗುವ ಹಾಗಾಯಿತು. ವೇದಿಕೆಯ ತುದಿಯ ಕುರ್ಚಿಯಲ್ಲಿ ಇರ್ಫಾನ್ ಇದ್ದ; ಜಯಕರಣ್ಣನ ಒತ್ತಾಯಕ್ಕೆ ಬಂದಿದ್ದ. ನಿರೂಪಕ ಅವನನ್ನು ಎದ್ದು ನಿಲ್ಲಲು ಹೇಳಿ, “ಇವರೇ ನೋಡಿ, ತೋಡಿನಿಂದ ಮೇಲೆ ಬಂದವರು!” ಎಂದ. ಸಭೆ ನಕ್ಕಿತು. ಕೆಟ್ಟ ನಗುವಲ್ಲ, ಪ್ರೀತಿಯದ್ದೇ. ಇರ್ಫಾನನೂ ಕೈ ಮುಗಿದು ನಕ್ಕ. ಆ ನಗುವನ್ನು ನೋಡಿ ನಾನು ಕಾಲ ಬುಡದ ನೆಲ ನೋಡತೊಡಗಿದೆ. ಅದೇ ರ‍್ಯಾಲಿಯಲ್ಲಿ, ತೋಡಿಗೆ ಬೀಳುವ ಮೊದಲು, ಎಲ್ಲ ಹಂತಗಳಲ್ಲೂ ಆಲ್ವಿನನಿಗಿಂತ ವೇಗವಾಗಿ ಓಡಿಸಿದ್ದವನು ಅವನು. ಅದು ಯಾರಿಗೂ ಬೇಕಾಗಿರಲಿಲ್ಲ.

ಟೀಮಿಗೆಂದು ಬಂದ ಗೆಲುವು ಹೀಗೆ ನೋಡನೋಡುತ್ತಿದ್ದಂತೆ ಆಲ್ವಿನ್ ಒಬ್ಬನದ್ದಾಯಿತು. ಚಾಲಕರ ಪ್ರಶಸ್ತಿ ಗೆದ್ದಿದ್ದರೂ ಅವನಿಗೆ ಅಷ್ಟು ಹೆಸರು ಬರುತ್ತಿರಲಿಲ್ಲ.

ಇರ್ಫಾನ್ ಗ್ಯಾರೇಜಿಗೆ ಬರುವುದು ಕಡಿಮೆಯಾಯಿತು. ಹೊಸ ಋತುವಿಗೆ ಕಾರು ಸಿದ್ಧವಾಗುವ ಹೊತ್ತಿಗೆ ಅವನು ಸೌದಿಗೆ ಹೊರಡುವ ತಯಾರಿಯಲ್ಲಿದ್ದ, ದೊಡ್ಡ ಲಾರಿ ಓಡಿಸುವ ಕೆಲಸಕ್ಕೆ. ಆಲ್ವಿನ್ ಹೆಜಮಾಡಿಗೆ ಹೋದರೆ ಅವನ ಉಮ್ಮ ಚಹಾ ಕೊಟ್ಟು, “ಮಲಗಿದ್ದಾನೆ” ಎಂದರಂತೆ. ಇರ್ಫಾನನ ಚಪ್ಪಲಿ ಮಾತ್ರ ಬಾಗಿಲಲ್ಲಿ ಇರಲಿಲ್ಲವಂತೆ. ಸೌದಿಗೆ ಮಾಡಿದ ಫೋನುಗಳಿಗೆ ಉತ್ತರ ಬರಲಿಲ್ಲ.

“ನಾನು ಎಂತ ತಪ್ಪು ಮಾಡಿದೆ ಹೇಳು” ಎಂದು ಆಲ್ವಿನ್ ನನ್ನನ್ನು ಕೇಳುತ್ತಿದ್ದ. ಊಟ ಮಾಡುವಾಗ ಕೈ ನಿಲ್ಲಿಸಿ ಕೇಳುತ್ತಿದ್ದ. ಅವನು ಮಾಡಿದ್ದು ಒಳ್ಳೆಯದೇ ಎಂದು ಎಲ್ಲರಂತೆ ನನಗೂ ಅನ್ನಿಸುತ್ತಿತ್ತು. ಆದರೆ ಪಟ್ಟಿಯ ತುದಿ ಹಿಡಿದು ಜಗ್ಗುತ್ತಿದ್ದ ಇರ್ಫಾನನ ಮುಖವೂ ಕಣ್ಣ ಮುಂದೆ ಬರುತ್ತಿತ್ತು. ಆಲ್ವಿನ್ ಆ ಮೇಲೆ ರೇಸಿಗೆ ಇಳಿಯಲಿಲ್ಲ. ನನ್ನ ಹೆಲ್ಮೆಟನ್ನು ಮಮ್ಮಿ ಬೆಳ್ಳುಳ್ಳಿ ತುಂಬಿಸಿಡಲು ಉಪಯೋಗಿಸಿದಳು. ಒಳ್ಳೆಯ ಗಾಳಿಯಾಡುತ್ತದೆ, ಬೇಗ ಮೊಳಕೆ ಬರುವುದಿಲ್ಲ ಎಂದು ಈಗಲೂ ಹೇಳುತ್ತಾಳೆ.

ಈ ವರ್ಷ ಮಳೆಗಾಲ ಮುಗಿದ ಮೇಲೆ ಜಯಕರಣ್ಣನ ಫೋನು ಬಂತು. ವಯಸ್ಸಾಯಿತು, ಬಗ್ಗಲು ಆಗುವುದಿಲ್ಲ, ಗ್ಯಾರೇಜು ಮುಚ್ಚುತ್ತಿದ್ದೇನೆ, ಒಮ್ಮೆ ಬಂದು ಹೋಗಿ ಎಂದ. ನಾನೂ ಆಲ್ವಿನನೂ ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಕಾಪುವಿಗೆ ಹೋದೆವು. ಸಾಮಾನುಗಳನ್ನೆಲ್ಲ ಗುಜರಿಯವರು ಒಯ್ದಿದ್ದರು. ಗೋಡೆಯಲ್ಲಿ ಸ್ಪ್ಯಾನರುಗಳು ತೂಗುತ್ತಿದ್ದ ಜಾಗಗಳು ಬೆಳ್ಳಗೆ ಕಾಣುತ್ತಿದ್ದವು. ಜಯಕರಣ್ಣನ ಎದುರು ಸ್ಟೂಲಿನ ಮೇಲೆ, ರಜೆಯಲ್ಲಿ ಊರಿಗೆ ಬಂದಿದ್ದ ಇರ್ಫಾನ್ ಕುಳಿತಿದ್ದ. ಗಡ್ಡ ಅಲ್ಲಲ್ಲಿ ನರೆತಿತ್ತು. ಜಯಕರಣ್ಣ ಒಬ್ಬರು ಬರುವುದನ್ನು ಇನ್ನೊಬ್ಬರಿಗೆ ಹೇಳಿರಲಿಲ್ಲ.

ಮೇಜಿನ ಮೇಲೆ ಟೀಮಿಗೆ ಸಿಕ್ಕಿದ ಪ್ರಶಸ್ತಿಯ ಕಪ್ಪು ಇತ್ತು. “ಇದೊಂದು ಉಳಿಯಿತು. ಗುಜರಿಯವನಿಗೆ ಕೊಡಲಿಕ್ಕೆ ಮನಸ್ಸು ಬರಲಿಲ್ಲ. ಯಾರಾದರೂ ಕೊಂಡುಹೋಗಿ” ಎಂದ ಜಯಕರಣ್ಣ.

ಆಲ್ವಿನ್ ಅದನ್ನು ಎತ್ತಿ ಇರ್ಫಾನನ ಮುಂದೆ ಇಟ್ಟ. “ನೀನು ತಗೋ.”

ಇರ್ಫಾನ್ ಕಪ್ಪನ್ನು ನೋಡಲಿಲ್ಲ. ಅವನ ಮುಖವನ್ನೇ ನೋಡಿದ. “ಪುನಃ ಕೊಡುವುದು ನೀನೇ ಅಲ್ವಾ?”

ಹೊರಗೆ ಹೆದ್ದಾರಿಯಲ್ಲಿ ಲಾರಿಯೊಂದು ಹೋಯಿತು. ಆಲ್ವಿನ್ ಕಪ್ಪಿನ ಮೇಲಿಂದ ಕೈ ತೆಗೆದ.

“ಆ ದಿನ ನಾನು ಬೋರ್ಡು ಹಿಡಿದು ಓಡಿದ್ದು ಯಾಕೆ ಗೊತ್ತುಂಟಾ ನಿನಗೆ?” ಎಂದ ಇರ್ಫಾನ್. ದನಿ ಏರಿರಲಿಲ್ಲ. “ತೋಡಿಗೆ ಹಾಕಿದ್ದು ನಾನು. ಟೀಮಿನದ್ದು ನನ್ನಿಂದ ಹೋಯಿತು ಅಂತ ಆಗಲೇ ಗೊತ್ತಾಯಿತು. ನಿನ್ನದಾದರೂ ಉಳಿಯಲಿ ಅಂತ ಓಡಿದೆ. ಆ ಹೊತ್ತಿನಲ್ಲಿ ನನ್ನ ಕೈಯಲ್ಲಿ ಕೊಡಲಿಕ್ಕೆ ಇದ್ದದ್ದು ಅದೊಂದೇ. ನೀನು ಅದನ್ನೂ ತೆಗೆದುಕೊಳ್ಳಲಿಲ್ಲ.”

“ನಾನು ಟೀಮಿಗೋಸ್ಕರ...”

“ಎಂತ ಟೀಮು? ನೀನೊಬ್ಬನೇ ತೀರ್ಮಾನ ಮಾಡಿದರೆ ಅದು ಟೀಮಾ? ನಾನು ಹೋಗು ಹೇಳಿದೆ. ಪಕ್ಕದಲ್ಲಿ ಕುಳಿತ ಈ ಲವೀನಾ ಹೋಗು ಹೇಳಿದಳು. ಅವಳದ್ದೂ ಒಂದು ಪ್ರಶಸ್ತಿ ಇತ್ತು ಮಾರಾಯ, ಅವಳನ್ನು ಕೇಳಿದೆಯಾ ನೀನು?”

ನಾನು ಬೆಚ್ಚಿಬಿದ್ದೆ. ಇಷ್ಟು ವರ್ಷಗಳಲ್ಲಿ ಅದನ್ನು ಯಾರೂ ಹೇಳಿರಲಿಲ್ಲ. ಸನ್ಮಾನದಲ್ಲಿ ಇಲ್ಲ, ಮನೆಯಲ್ಲಿ ಇಲ್ಲ. ನಾನೂ ಹೇಳಿಕೊಂಡಿರಲಿಲ್ಲ, ಎಷ್ಟೆಂದರೂ ಊಟದ ಹೊತ್ತಿನ ಪ್ರಶಸ್ತಿ ಎಂದು ನಾನೇ ತಮಾಷೆ ಮಾಡಿಕೊಂಡು ಬಂದವಳು. ಸೌದಿಯಲ್ಲಿ ಲಾರಿ ಓಡಿಸುತ್ತಿದ್ದವನಿಗೆ ಅದು ನೆನಪಿತ್ತು. “ಅದೆಲ್ಲ ಬಿಡಿ” ಎಂದು ಹೇಳಲು ಹೋದವಳು ಹೇಳಲಿಲ್ಲ. ಯಾಕೆ ಬಿಡಬೇಕು ಎಂದು ಮೊದಲ ಸಲ ಅನ್ನಿಸಿತು.

ಆಲ್ವಿನ್ ನನ್ನ ಕಡೆಗೆ ತಿರುಗಿದ. ನಾನು ಆ ಗ್ಯಾರೇಜಿನಲ್ಲಿ ಇದ್ದೇನೆ ಎಂದು ಆಗಷ್ಟೇ ಗೊತ್ತಾದವನ ಹಾಗೆ ನೋಡಿದ. “ಇಲ್ಲ” ಎಂದ. “ಕೇಳಲಿಲ್ಲ. ಇಬ್ಬರನ್ನೂ ಕೇಳಲಿಲ್ಲ.” ಆಮೇಲೆ, “ಎಲ್ಲರೂ ಹೊಗಳಿದರಲ್ಲ. ನಾನು ಅಲ್ಲಿಗೇ ನಿಂತುಬಿಟ್ಟೆ” ಎಂದ.

ಜಯಕರಣ್ಣ ಎದ್ದು ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡ. “ಸರಿ, ಇದು ನನ್ನ ಮನೆಯಲ್ಲೇ ಇರಲಿ. ಮೊಮ್ಮಗಳು ಪೆನ್ಸಿಲು ಹಾಕಿಡ್ತಾಳೆ” ಎಂದು ಹೇಳಿ, ಬಾಗಿಲು ಎಳೆಯಲು ಹೊರಗೆ ನಡೆದ. ನಾವೂ ಹೊರಗೆ ಬಂದೆವು. ಶಟರು ಕೆಳಗೆ ಬರುವಾಗ ಅರ್ಧದಲ್ಲಿ ಸಿಕ್ಕಿಕೊಂಡಿತು; ಇರ್ಫಾನ್ ಒಂದು ಕಡೆ, ಆಲ್ವಿನ್ ಇನ್ನೊಂದು ಕಡೆ ಹಿಡಿದು ಇಳಿಸಿದರು.

ಇರ್ಫಾನ್ ಜೇಬಿನಿಂದ ತನ್ನ ಕಾರಿನ ಕೀ ತೆಗೆದ. ಆಲ್ವಿನನನ್ನು ನೋಡದೆ, “ಬಾ, ಮನೆಗೆ ಬಿಡ್ತೇನೆ” ಎಂದ.

ನಮ್ಮ ಕಾರು ಎದುರಿಗೇ ನಿಂತಿತ್ತು. ಇರ್ಫಾನನ ಮನೆ ದಕ್ಷಿಣಕ್ಕೆ, ನಮ್ಮದು ಪೂರ್ವಕ್ಕೆ. ಅವನು ಕಾರ್ಕಳಕ್ಕೆ ಬಂದು ಹಿಂದೆ ಹೋಗುವುದೆಂದರೆ ಅರ್ಧ ದಿನದ ಕೆಲಸ. ನಿನಗೆ ಯಾಕೆ ಸುಮ್ಮನೆ ತೊಂದರೆ, ನನ್ನ ಗಾಡಿ ಉಂಟಲ್ಲ ಎನ್ನಲು ಆಲ್ವಿನನ ಬಾಯಿ ತೆರೆದದ್ದನ್ನು ನಾನು ಕಂಡೆ. ಅದು ಹಾಗೆಯೇ ಮುಚ್ಚಿಕೊಂಡಿತು. ಅವನು ನಮ್ಮ ಕಾರಿನ ಕೀಯನ್ನು ನನ್ನ ಕೈಗೆ ಹಾಕಿ, ಆ ಕಡೆಯಿಂದ ಸುತ್ತಿಹೋಗಿ ಇರ್ಫಾನನ ಎಡಗಡೆಯ ಸೀಟಿನಲ್ಲಿ ಕುಳಿತ.

ನಾನು ಅವರ ಹಿಂದೆ ಹೊರಟೆ. ಇರ್ಫಾನ್ ಬಹಳ ನಿಧಾನ ಓಡಿಸುತ್ತಿದ್ದ. ಶಿರ್ವದ ದಾರಿಯಲ್ಲಿ ಬಸ್ಸುಗಳು ಹಾರ್ನು ಹೊಡೆದು ನಮ್ಮಿಬ್ಬರನ್ನೂ ದಾಟಿದವು, ಸ್ಕೂಟರುಗಳು ದಾಟಿದವು. ಅವನು ಯಾರಿಗೂ ಪೈಪೋಟಿ ಕೊಡಲಿಲ್ಲ. ಮುಂದಿನ ಕಾರಿನ ಹಿಂದಿನ ಗಾಜಿನಲ್ಲಿ ಎರಡು ತಲೆಗಳು ಕಾಣುತ್ತಿದ್ದವು. ಮೊದಲು ಎರಡೂ ನೆಟ್ಟಗಿದ್ದವು, ಬೆಳ್ಮಣ್ ಬರುವ ಹೊತ್ತಿಗೆ ಒಂದು ಇನ್ನೊಂದರ ಕಡೆಗೆ ತಿರುಗಿತ್ತು. ರಸ್ತೆ ಬದಿಯ ಎಳನೀರಿನ ಅಂಗಡಿಯ ಮುಂದೆ ಇರ್ಫಾನ್ ಕಾರು ನಿಲ್ಲಿಸಿ ಇಳಿದ. ಮೂರು ಬೊಂಡ ಕೆತ್ತಿಸಿ, ಮೊದಲನೆಯದನ್ನು ಹಿಂದೆ ನಡೆದು ಬಂದು ನನಗೆ ಕೊಟ್ಟ. ಎರಡನೆಯದನ್ನು ಕಿಟಕಿಯೊಳಗೆ ಚಾಚಿದ. ಆಲ್ವಿನ್ ಎರಡೂ ಕೈಯಿಂದ ಅದನ್ನು ತೆಗೆದುಕೊಂಡ.